ಅಕ್ಕನಿಗೆ ಹಿಡಿಸದ ಸಿನಿಮಾ

ಡೇರಿ ಅಕ್ಕ ಯಾವುದಾದರೂ ಸೀರಿಯಲ್ಲನ್ನು ಬಯ್ಯಲು ಶುರು ಮಾಡಿದರೆ ಹಾಲಿನ ಸಾಲು ಅಲ್ಲಿಗೇ ನಿಲ್ಲುತ್ತಿತ್ತು. ಹಿಂದಿದ್ದವರು "ಲೇಟಾಯ್ತು ಕಣಕ್ಕ" ಎಂದು ಗೊಣಗುವರು. ಮುಂದಿದ್ದವರು ಹಾಲು ಹಾಕಿ ಆಗಿದ್ದರೂ ಮನೆಗೆ ಹೋಗದೆ ಖಾಲಿ ಕ್ಯಾನು ಹಿಡಿದುಕೊಂಡು ನಿಂತಿರುವರು. ಆ ಅಕ್ಕ ಹೋದ ತಿಂಗಳು ತೀರಿಕೊಂಡರು. ಕಿಡ್ನಿ ಕೈಕೊಟ್ಟಿತ್ತು. ಈಗ ಊರಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಅವರ ಗುಣಗಾನ. ಎಂಥ ನೇರ ಮಾತು, ಎಂಥ ಧೈರ್ಯ, ಅಂಥವರು ಇನ್ನೊಬ್ಬರು ಸಿಗುವುದಿಲ್ಲ ಅಂತ. ಇದನ್ನು ಕೇಳಿ ಕೇಳಿ ನನಗೆ ಮೈ ಉರಿಯುತ್ತಿದೆ. ಅವರ ನೇರ ಮಾತಿಗೆ ಇದೇ ಊರು ಏನು ಮಾಡಿತು ಎಂಬುದನ್ನು ಪಕ್ಕದಲ್ಲೇ ನಿಂತು ನೋಡಿದವಳು ನಾನು. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದರೆ ಇದನ್ನು ಬರೆಯುವುದೇ ಆಗುವುದಿಲ್ಲ.

ನಮ್ಮೂರು ದೇವನಹಳ್ಳಿ ಕಡೆಯ ವಿಜಯಪುರದ ಹತ್ತಿರ. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಬೆಳಿಗ್ಗೆ ನಮ್ಮತ್ತೆ ಹಾಲು ಕರೆಯುತ್ತಾರೆ, ನಾನು ಡೇರಿಗೆ ಹಾಕಿಬಂದು ಬಸ್ಸು ಹಿಡಿಯುತ್ತೇನೆ. ಡೇರಿ ಎಂದರೆ ಊರಿನ ಹಾಲು ಸಂಘದ ಒಂದು ಕೋಣೆ, ಮುಂದೆ ಶೀಟಿನ ಚಪ್ಪರ, ಒಂದು ಮೇಜು. ಮೇಜಿನ ಹಿಂದೆ ಅಕ್ಕ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರಟು, ತುರುಬಿನಲ್ಲಿ ಸಿಕ್ಕಿಸಿದ ಪೆನ್ನು. ಹಾಲಿಗೆ ನೀರು ಸೇರಿದೆಯೇ ಎಂದು ನೋಡುವುದು, ಅಳೆದು ಬರೆದುಕೊಳ್ಳುವುದು ಅವರ ಕೆಲಸ. ಅವರಿಗೊಂದು ಹೆಸರಿತ್ತು, ಆದರೆ ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವರಿಗಿಂತ ದೊಡ್ಡವರೂ ಡೇರಿ ಅಕ್ಕ ಎಂದೇ ಅನ್ನುತ್ತಿದ್ದರು.

ಅವರ ತವರು ಹೊಸಕೋಟೆಯ ಆಚೆ, ಮನೆಮಾತು ತೆಲುಗು. ಆ ಕಡೆಯ ಮದುವೆ ಸಂಬಂಧಗಳಿಂದ ತಮಿಳೂ ಬರುತ್ತಿತ್ತು. ಹಾಗಾಗಿ ಅವರು ನೋಡದ ಸಿನಿಮಾ ಇರಲಿಲ್ಲ. ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟುಕೊಂಡು ಮುದ್ದೆ ತಿರುವುತ್ತಾ ನೋಡುವರು. ಮಗಳನ್ನು ಹೊಸಕೋಟೆಗೆ ಕೊಟ್ಟಾಗಿತ್ತು. ಮನೆಯಲ್ಲಿ ಅವರು, ಅವರ ಯಜಮಾನರು, ಒಂದು ಹಸು. ಯಜಮಾನರು ಮಾತೇ ಆಡದ ಮನುಷ್ಯ. ಊರಿನ ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಕೆಲಸ ಅವರದ್ದು. "ಇವ್ರಿಗೆ ಪಿಚ್ಚರ್ ಹೆಂಗಿತ್ತು ಅಂದ್ರೆ ಹ್ಞೂಂ ಅಂತಾರೆ, ಸಾರು ಹೆಂಗಿತ್ತು ಅಂದ್ರೂ ಹ್ಞೂಂ ಅಂತಾರೆ. ಅದ್ಕೇ ನಾನು ಡೇರೀಲಿ ಬಾಯಿ ಬಡ್ಕೊಳೋದು" ಎಂದು ಅಕ್ಕ ನಗುತ್ತಿದ್ದರು.

ಒಂದು ಸೀರಿಯಲ್ಲಿನ ಸೊಸೆ ಬಸುರಿಯಾಗಿ ಬಹಳ ಕಾಲ ಆಗಿತ್ತು. ಹೆರಿಗೆಯೇ ಇಲ್ಲ. ಹಾಲು ಅಳೆಯುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಅಲ್ಲಾ ಟೀಚರಮ್ಮ, ಆ ಹುಡ್ಗಿ ಬಸ್ರಿ ಅಂತ ಗೊತ್ತಾದಾಗ ನಮ್ಮ ಹಸೂಗೆ ಗಬ್ಬದ ಸೂಜಿ ಹಾಕ್ಸಿದ್ದೆ. ನಮ್ಮದು ಕರು ಹಾಕಿ, ಅದು ಮೇವು ತಿನ್ನೋಕೂ ಶುರು ಮಾಡ್ತು. ಅವಳಿಗಿನ್ನೂ ಹೊಟ್ಟೇನೇ ಮುಂದೆ ಬಂದಿಲ್ಲ!" ಎಂದರು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಕನ್ನಡಕ್ಕೆ ಡಬ್ ಆದ ಕೊರಿಯಾದ ಸೀರೀಸುಗಳು ಬಂದ ಮೇಲೆ ಅವರಿಗೆ ಹಬ್ಬ. "ಹೀರೋ ಚೆನ್ನಾಗವ್ನೆ, ಒಪ್ಕೊತೀನಿ. ಆದ್ರೆ ಯಾವಾಗ್ ನೋಡಿದ್ರೂ ಬಟ್ಲು ಹಿಡ್ಕಂಡು ನೂಡಲ್ಸ್ ತಿಂತಿರ್ತಾನೆ. ಅವ್ರವ್ವ ಒಂದಿನ ಆದ್ರೂ ಸಾರು ಮಾಡಲ್ವಾ?" ಎಂದು ಕೇಳುವರು.

ಅವರಿಗೆ ಬಯ್ಯುವುದಷ್ಟೇ ಗೊತ್ತಿತ್ತು ಎಂದುಕೊಳ್ಳಬೇಡಿ. ಒಮ್ಮೆ ಯಾವುದೋ ಸಣ್ಣ ಸಿನಿಮಾ ನೋಡಿ ಬಂದಿದ್ದರು. ಅದರಲ್ಲಿ ಮನೆಯವರೆಲ್ಲ ಉಂಡು ಎದ್ದ ಮೇಲೆ ಒಬ್ಬ ತಾಯಿ ಒಲೆಯ ಮುಂದೆ ಕೂತು ಪಾತ್ರೆಯ ತಳ ಕೆರೆದು ಉಣ್ಣುತ್ತಾಳಂತೆ. ಮಾತಿಲ್ಲ, ಹಾಡಿಲ್ಲ, ಸುಮ್ಮನೆ ಉಣ್ಣುತ್ತಾಳಂತೆ. ಅದನ್ನು ಹೇಳುವಾಗ ಅಕ್ಕನ ಕೈಯಲ್ಲಿದ್ದ ಅಳತೆಯ ಪಾತ್ರೆ ಅಲ್ಲೇ ನಿಂತಿತು. "ಯಾರೋ ನಮ್ಮನೆ ಕಿಟ್ಕೀಲಿ ಇಣುಕಿ ನೋಡಿ ತೆಗ್ದವ್ರೆ ಕಣಮ್ಮ" ಎಂದರು. ಆ ವಾರವೆಲ್ಲ ಹಾಲು ಹಾಕಲು ಬಂದವರಿಗೆಲ್ಲ "ನೋಡಿದ್ರಾ? ಇನ್ನೂ ಇಲ್ವಾ? ಯಾವಾಗ ನೋಡ್ತೀರಾ?" ಎಂದು ಕಾಟ ಕೊಟ್ಟರು.

ಇನ್ನೊಂದು ಮಾತು ಹೇಳಬೇಕು. ಅವರ ಅಭಿಪ್ರಾಯವನ್ನು ಒಪ್ಪಲೇಬೇಕೆಂದು ಅವರು ಯಾರನ್ನೂ ಒತ್ತಾಯ ಮಾಡಿದವರಲ್ಲ. ಸಾಲಿನಲ್ಲಿ ಒಬ್ಬ ತಾತ ಇದ್ದರು. ಅಕ್ಕ ಬಯ್ದ ಸಿನಿಮಾವನ್ನೆಲ್ಲ ಹೊಗಳುವುದೇ ಆ ತಾತನ ಚಾಳಿ. "ನಂಗೆ ಭಾಳ ಹಿಡಿಸ್ತು ಕಣಮ್ಮಿ, ಫೈಟಿಂಗ್ ಏನು ಚಂದ ಐತೆ" ಎನ್ನುವರು. ಅಕ್ಕ ಅವರ ಹಾಲು ಅಳೆಯುತ್ತಾ, "ಹಿಡಿಸ್ತಾ? ಒಳ್ಳೇದಾಯ್ತು ಬಿಡು ತಾತ. ನಿನ್ನ ಕಣ್ಣು ನಿಂದು, ನನ್ನ ಕಣ್ಣು ನಂದು" ಎಂದು ನಕ್ಕು ಮುಂದಿನ ಕ್ಯಾನಿಗೆ ಕೈ ಚಾಚುವರು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ಒಂದು ಸಿನಿಮಾದ ಬಗ್ಗೆ ಮನುಷ್ಯರು ಮಾತಾಡಬೇಕಾದ್ದು ಹಾಗೆ. ಇಷ್ಟು ಸರಳ ವಿಷಯ ನಮ್ಮೂರಿನ ಗಂಡಸರಿಗೆ ಅರ್ಥವಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ದೊಡ್ಡ ಹೀರೋ ಒಬ್ಬರ ಸಿನಿಮಾ ಬಿಡುಗಡೆಯಾಯಿತು. ಅವರ ಹೆಸರು ಇಲ್ಲಿ ಬೇಡ. ಈ ಕಥೆಯಲ್ಲಿ ಅವರ ತಪ್ಪೂ ಇಲ್ಲ, ಅವರಿಗೆ ನಮ್ಮೂರು ಇರುವುದೇ ಗೊತ್ತಿಲ್ಲ. ನಮ್ಮೂರ ಹುಡುಗರು ಅರಳಿಕಟ್ಟೆಯ ಪಕ್ಕ ಮರದೆತ್ತರದ ಕಟೌಟು ನಿಲ್ಲಿಸಿದರು. ಅಭಿಮಾನಿ ಸಂಘದ ಮುಖಂಡ ಮಂಜ. ಏರ್‌ಪೋರ್ಟಿನ ಕಡೆ ಕ್ಯಾಬು ಓಡಿಸುವವನು, ಅವನ ತಾಯಿಯೂ ನಮ್ಮ ಡೇರಿಗೇ ಹಾಲು ಹಾಕುವವರು. ಕಟೌಟಿಗೆ ಹಾಲಿನ ಅಭಿಷೇಕ ಮಾಡಬೇಕು, ಒಂದು ಕ್ಯಾನು ಹಾಲು ಬೇಕು ಎಂದು ಮಂಜ ಡೇರಿಗೆ ಬಂದ.

"ಕುಡಿಯಕ್ಕೆ ಅಂದ್ರೆ ಕೊಡ್ತೀನಿ" ಎಂದರು ಅಕ್ಕ.

"ಅಕ್ಕೋ, ದುಡ್ಡು ಕೊಡ್ತೀವಿ, ಪುಕ್ಸಟ್ಟೆ ಅಲ್ಲ."

"ದುಡ್ಡು ಇಟ್ಕಳಪ್ಪ. ನಿಮ್ಮವ್ವ ಚಳೀಲಿ ಎದ್ದು ಕರೆದಿರೋ ಹಾಲು ಇದ್ರಲ್ಲೇ ಐತೆ. ಅವಳನ್ನ ಕೇಳ್ಕಂಬಾ, ಮಣ್ಣಿಗೆ ಸುರಿತೀನಿ ಕಣವ್ವ ಅಂತ. ಆಯ್ತು ಅಂದ್ರೆ ಕ್ಯಾನು ತಗಂಡ್ಹೋಗು."

ಮಂಜ ಕೇಳಿಕೊಂಡು ಬರಲಿಲ್ಲ. ಹುಡುಗರು ವಿಜಯಪುರಕ್ಕೆ ಹೋಗಿ ಪ್ಯಾಕೆಟ್ಟು ಹಾಲು ತಂದು ಸುರಿದರು.

ಅಷ್ಟಾದರೂ ಅಕ್ಕ ಆ ಸಿನಿಮಾಕ್ಕೆ ಹೋದರು. ಭಾನುವಾರ ದೇವನಹಳ್ಳಿಯ ಟಾಕೀಸಿಗೆ, ಮಗಳ ಜೊತೆ. ಸೋಮವಾರ ಬೆಳಿಗ್ಗೆ ತಾತ "ಹೆಂಗಿತ್ತಮ್ಮಿ ಪಿಚ್ಚರು?" ಎಂದು ಕೇಳಿದರು. ಅಕ್ಕ ಹೇಳಿದ್ದನ್ನು ನೆನಪಿದ್ದಷ್ಟೂ ಹಾಗೇ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಫೋನುಗಳಲ್ಲಿ ಓಡಾಡಿದ್ದು ಅದರ ಬಾಲ ಮಾತ್ರ.

"ಫೈಟಿಂಗ್ ಚೆನ್ನಾಗೈತೆ ತಾತ. ಹಾಡೂ ಪರವಾಗಿಲ್ಲ. ಆದ್ರೆ ಒಂದ್ ಕಡೆ ಆ ಹುಡ್ಗಿ ಕಪಾಳಕ್ಕೆ ಹೊಡಿತಾನೆ. ಏನೂ ತಪ್ಪು ಮಾಡಿಲ್ಲ ಅವಳು, ಎದುರು ಮಾತಾಡವ್ಳೆ ಅಷ್ಟೇ. ಟಾಕೀಸಲ್ಲಿ ಶಿಳ್ಳೆ ಅಂದ್ರೆ ಶಿಳ್ಳೆ. ನನ್ನ ಪಕ್ಕ ನನ್ನ ಮಗಳು ಕೂತವ್ಳೆ, ಸುತ್ತ ಗಂಡಸ್ರು ಎದ್ದು ನಿಂತು ಕುಣೀತಾವ್ರೆ. ಕೊನೇಗೆ ಆ ಹುಡ್ಗೀನೇ ಬಂದು ಅವನ ಕಾಲಿಗೆ ಬೀಳ್ತಾಳೆ. ನಂಗೆ ಹಿಡಿಸ್ಲಿಲ್ಲಪ್ಪ. ಇಂಥ ಪಿಚ್ಚರಿಗೆ ಹಾಲು ಸುರಿತಾವಲ್ಲ ನಮ್ಮೂರ ಮುಂಡೇವು, ಆ ಹಾಲು ಕರೆಯೋರು ಯಾರು? ಹೆಂಗಸ್ರೇ ಅಲ್ವಾ?"

ಸಾಲಿನಲ್ಲಿ ಯಾರೋ ಫೋನು ಹಿಡಿದಿದ್ದರು. ಯಾರೆಂದು ಇವತ್ತಿನವರೆಗೂ ಒಬ್ಬರೂ ಒಪ್ಪಿಕೊಂಡಿಲ್ಲ. ಫೈಟಿಂಗ್ ಚೆನ್ನಾಗಿದೆ ಎಂದದ್ದನ್ನು ಕತ್ತರಿಸಿ, ಮಗಳ ಮಾತನ್ನು ಕತ್ತರಿಸಿ, "ಇಂಥ ಪಿಚ್ಚರಿಗೆ ಹಾಲು ಸುರಿತಾವಲ್ಲ ನಮ್ಮೂರ ಮುಂಡೇವು" ಎಂಬುದನ್ನಷ್ಟೇ ಉಳಿಸಿ ಹರಿಯಬಿಟ್ಟರು. ಸಂಜೆಯ ಹೊತ್ತಿಗೆ ಎಲ್ಲೆಲ್ಲಿಯವರೋ ಅದನ್ನು ನೋಡಿದ್ದರು. ಅದರ ಕೆಳಗೆ ಬರೆದಿದ್ದ ಮಾತುಗಳನ್ನು ನಾನು ಓದಿದೆ. ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಈ ಭಾಷೆಯಲ್ಲಿ ಒಬ್ಬ ಹೆಂಗಸನ್ನು ಇಷ್ಟೊಂದು ಬಗೆಯಲ್ಲಿ ಹೊಲಸು ಮಾಡಬಹುದು ಎಂದು ನನಗೆ ತಿಳಿದಿರಲಿಲ್ಲ. ಅವರ ಫೋನ್ ನಂಬರನ್ನೂ ಯಾರೋ ಹಾಕಿದರು. ಗುರುತಿಲ್ಲದ ಗಂಡಸರು ಫೋನು ಮಾಡಿ ಬಯ್ದರು. ಹೊಸಕೋಟೆಯಲ್ಲಿದ್ದ ಮಗಳಿಗೂ ಅದು ತಲುಪಿತು. "ನಿಮ್ಮಮ್ಮನಿಗೆ ಬಾಯಿ ಮುಚ್ಕೊಂಡಿರಕ್ಕೆ ಬರಲ್ವಾ?" ಎಂದು ಅವಳ ಅತ್ತೆ ಮನೆಯಲ್ಲಿ ರಂಪ ಮಾಡಿದರಂತೆ. ಕಪಾಳಕ್ಕೆ ಹೊಡೆಯುವುದು ಸರಿಯಲ್ಲ ಎಂದದ್ದು ಅಮ್ಮ, ಮಾತು ಕೇಳಬೇಕಾದದ್ದು ಮಗಳು.

ನಾನೂ ಅಕ್ಕನೂ ದೂರು ಕೊಡಲು ಠಾಣೆಗೆ ಹೋದೆವು. ಅಲ್ಲಿದ್ದವರು ಆ ವಿಡಿಯೋ ನೋಡಿ ನಕ್ಕರು. "ನಿಮಗ್ಯಾಕಮ್ಮ ಸಿನಿಮಾ ಉಸಾಬರಿ? ಹಾಲು ಅಳೆಯೋದು ಬಿಟ್ಟು?" ಎಂದರು. "ಸಿನಿಮಾ ನೋಡಿ ಅಭಿಪ್ರಾಯ ಹೇಳಕ್ಕೆ ಲೈಸೆನ್ಸ್ ಬೇಕಾ ಸಾರ್?" ಎಂದು ನಾನು ಜಗಳಕ್ಕೇ ನಿಂತೆ. ಅಕ್ಕ ನನ್ನ ಸೆರಗು ಎಳೆದು ಹೊರಗೆ ಕರೆದುಕೊಂಡು ಬಂದರು.

ಮುಂದಿನ ಭಾನುವಾರ ಬೈಕುಗಳು ಬಂದವು. ನಮ್ಮೂರವರಷ್ಟೇ ಅಲ್ಲ, ಸುತ್ತಲ ಊರುಗಳ ಹುಡುಗರೂ ಬಂದಿದ್ದರು. ಡೇರಿಯ ಮುಂದೆ ಹಾರ್ನು ಹೊಡೆಯುತ್ತಾ ನಿಂತರು. ಅಕ್ಕ ಕಟೌಟಿಗೆ ತಮ್ಮ ಕೈಯಾರೆ ಹಾಲು ಸುರಿದು ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಡೇರಿಗೆ ಬೀಗ ಹಾಕುತ್ತೇವೆ ಎಂಬುದು ಅವರ ಬೇಡಿಕೆ. ಹಾಲು ಸಂಘದ ಅಧ್ಯಕ್ಷರು ಓಡಿಬಂದರು. ಆ ಹುಡುಗರಿಗೆ ಒಂದು ಮಾತು ಹೇಳಲಿ ಎಂದು ನಾನು ಕಾದೆ. ಅವರು ನೇರವಾಗಿ ಅಕ್ಕನ ಹತ್ತಿರ ಬಂದು, "ಒಂದ್ ಸಾರಿ ಅಂದ್ಬಿಡಮ್ಮ. ಏನ್ ಕಳ್ಕಂತೀಯಾ? ಸಂಘದ ಹೆಸ್ರು ಹಾಳಾಯ್ತದೆ" ಎಂದರು. ಹಿಂದಿನಿಂದ ಇನ್ನಾರೋ "ಹೂಂ ಕಣಕ್ಕ, ಮುಗಿಸ್ಬಿಡು, ಹಾಲಿನ ಗಾಡಿ ಬರೋ ಹೊತ್ತಾಯ್ತು" ಎಂದರು. ನಕ್ಕು ನಕ್ಕು ಅವರ ಮಾತು ಕೇಳುತ್ತಿದ್ದ ಅದೇ ಸಾಲು ಅದು. ಆ ತಾತ ಒಬ್ಬರೇ, "ಏಯ್, ಪಿಚ್ಚರು ಹೆಂಗಿತ್ತು ಅಂತ ಅವಳ್ನ ಕೇಳ್ದೋನು ನಾನು ಕಣ್ರೋ, ನನ್ನ ಕೇಳಿ ಏನ್ ಕೇಳ್ತೀರಾ" ಎಂದು ಕೋಲು ಎತ್ತಿ ಮುಂದೆ ಬಂದರು. ಯಾರೋ ಅವರನ್ನು ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದರು.

ಮಂಜ ಡೇರಿಯೊಳಗೆ ನುಗ್ಗಿ ಒಂದು ಕ್ಯಾನಿಗೆ ಕೈ ಹಾಕಿದ. ಆಗ ಅಕ್ಕ ಎದ್ದು ನಿಂತರು.

"ಅದ ಮುಟ್ಬೇಡ. ಅದು ಸಂಘದ ಹಾಲು, ಹತ್ತಾರು ಮನೇದು. ನಮ್ಮನೆ ಹಸಿಂದು ತತ್ತೀನಿ."

ಮನೆಗೆ ಹೋಗಿ ಒಂದು ಚೆಂಬಿನಲ್ಲಿ ಹಾಲು ತಂದರು. ನಾನು ದಾರಿಯಲ್ಲಿ ಅವರ ಕೈ ಹಿಡಿದು "ಬೇಡ ಅಕ್ಕ" ಎಂದೆ.

"ಸುಮ್ಕಿರಿ ಟೀಚರಮ್ಮ. ನಾಳೆ ಬೆಳಿಗ್ಗೆ ಹಾಲು ಹಾಕಕ್ಕೆ ಇವ್ರೇ ಬರ್ತಾರೆ, ಇವ್ರ ಅವ್ವಂದಿರೇ ಬರ್ತಾರೆ. ನಾನೆಲ್ಲಿಗೆ ಹೋಗ್ಲಿ?"

ಕಟೌಟಿನ ಕಾಲಿನ ಹತ್ತಿರ ನಿಂತು ಹಾಲು ಸುರಿದರು. ಫೋನುಗಳೆಲ್ಲ ಮೇಲೆದ್ದವು. "ನನ್ನ ಮಾತಿಂದ ಯಾರ್ಗಾದ್ರೂ ನೋವಾಗಿದ್ರೆ ಕ್ಷಮಿಸ್ಬಿಡಿ" ಎಂದರು. ಹುಡುಗರಿಗೆ ಸಾಲಲಿಲ್ಲ. "ಪಿಚ್ಚರ್ ಸೂಪರ್ ಆಗೈತೆ ಅನ್ನಕ್ಕ, ಅನ್ನು ಅನ್ನು" ಎಂದು ಮಂಜ ಫೋನನ್ನು ಅವರ ಮುಖದ ಹತ್ತಿರ ಹಿಡಿದ. ಅಕ್ಕ ಚೆಂಬನ್ನು ಸೊಂಟಕ್ಕೆ ಇಟ್ಟುಕೊಂಡು ಅವನನ್ನು ನೋಡಿದರು.

"ಕ್ಷಮೆ ಕೇಳು ಅಂದ್ರಿ, ಕೇಳ್ದೆ. ಹಾಲು ಸುರಿ ಅಂದ್ರಿ, ಸುರಿದೆ. ಹಿಡಿಸ್ದೆ ಇರೋದ್ನ ಹಿಡಿಸ್ತು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ ಕಣಪ್ಪ."

ಹಾಗೆಂದು ಮನೆಗೆ ನಡೆದರು. ಆ ಮಾತನ್ನು ಮಂಜ ವಿಡಿಯೋದಿಂದ ಕತ್ತರಿಸಿ ಹಾಕಿದ. ಹಾಲು ಸುರಿಯುವುದು, ಕೈ ಮುಗಿಯುವುದು ಅಷ್ಟೇ ಉಳಿಯಿತು. ಅದರ ಹಿಂದೆ ಅದೇ ಸಿನಿಮಾದ ಹಾಡು.

ಆಮೇಲೂ ಅಕ್ಕ ಡೇರಿಗೆ ಬಂದರು. ಹಾಲು ನೋಡಿದರು, ಅಳೆದರು, ಬರೆದರು. ಮಾತು ಮಾತ್ರ ನಿಂತುಹೋಯಿತು. ಜನ ಏನೂ ಆಗದವರಂತೆ "ಯಾವ್ದ್ ನೋಡ್ದೆ ಅಕ್ಕ ಈ ವಾರ?" ಎಂದು ಕೇಳುತ್ತಿದ್ದರು. ನಾಚಿಕೆ ಬೇಡವೇ? ಅಕ್ಕ "ಏನೂ ನೋಡಿಲ್ಲ" ಎನ್ನುತ್ತಿದ್ದರು. ಸಾಲು ಸರಸರನೆ ಸಾಗುತ್ತಿತ್ತು, ನನಗೆ ಬಸ್ಸು ತಪ್ಪುತ್ತಲೇ ಇರಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತದೆ ಎಂದು ಕೆಲಸವನ್ನೂ ಬಿಟ್ಟರು.

ನಾನು ಬಿಡುವಿದ್ದಾಗ ಅವರ ಮನೆಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಉಪ್ಪಿನಕಾಯಿ ಜಾಡಿಯ ಮುಂದೆ ಯಾವುದೋ ಸೀರೀಸು ಓಡುತ್ತಿತ್ತು. "ಹೇಗಿದೆ ಅಕ್ಕ?" ಎಂದೆ. ಅವರು ಉತ್ತರ ಕೊಡದೆ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು. ನನ್ನನ್ನೂ ನಂಬಲಿಲ್ಲ! ನನಗೆ ಅಳು ಬಂತು, ಅವರ ಮೇಲಿನ ಬೇಸರಕ್ಕಲ್ಲ, ಅವರನ್ನು ಈ ಗತಿಗೆ ತಂದವರ ಮೇಲಿನ ಸಿಟ್ಟಿಗೆ. ಮೂಲೆಯಲ್ಲಿದ್ದ ಅಕ್ಕಿ ಡಬ್ಬದ ಮುಚ್ಚಳ ತೆಗೆದು ಫೋನನ್ನು ಒಳಗೆ ಹಾಕಿ ಮುಚ್ಚಿದೆ. ಅಕ್ಕ ನಿಧಾನಕ್ಕೆ ಶುರು ಮಾಡಿದರು. "ನೋಡಮ್ಮ, ಇದ್ರಲ್ಲಿ ಪೋಲಿಸ್ ಹೆಂಗಸು ಚೆನ್ನಾಗವ್ಳೆ. ಆದ್ರೆ ಕೊಲೆ ಮಾಡ್ದೋನು ಯಾರು ಅಂತ ನಂಗೆ ಮೊದಲ್ನೇ ಎಪಿಸೋಡಲ್ಲೇ ಗೊತ್ತಾಯ್ತು. ಅವಳಿಗಿನ್ನೂ ಗೊತ್ತಾಗಿಲ್ಲ. ಸಂಬಳ ಯಾಕ್ ಕೊಡ್ತಾರೆ ಅವ್ಳಿಗೆ?" ಎಂದರು. ಇಬ್ಬರೂ ನಕ್ಕೆವು. ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು, ಹ್ಞೂಂ ಎಂದೂ ಅನ್ನದೆ ಹೊರಗೆ ಹೋದರು.

ಆಮೇಲೆ ಡಯಾಲಿಸಿಸ್ಸು, ಆಸ್ಪತ್ರೆ. ಆಸ್ಪತ್ರೆಯ ಹಾಸಿಗೆಯಲ್ಲೂ ನೋಡುತ್ತಿದ್ದರು. ಅಕ್ಕಪಕ್ಕದ ಹಾಸಿಗೆಯವರು ಏನಾದರೂ ಕೇಳಿದರೆ ಮಾತ್ರ ನಕ್ಕು ಸುಮ್ಮನಾಗುತ್ತಿದ್ದರು.

ತಿಥಿಯಾದ ಮರುದಿನ ಡೇರಿಯ ಮುಂದೆ ಶ್ರದ್ಧಾಂಜಲಿ ಸಭೆ ಇಟ್ಟರು. ಇಟ್ಟವನು ಮಂಜ. ಅವನೀಗ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದು ಓಡಾಡುತ್ತಿದ್ದಾನೆ. ಕಟೌಟು ನಿಂತಿದ್ದ ಜಾಗದಲ್ಲೇ ಫ್ಲೆಕ್ಸು ಕಟ್ಟಿಸಿದ್ದ. ಅದರಲ್ಲಿ ಅಕ್ಕನ ಮುಖಕ್ಕಿಂತ ಅವನ ಮುಖ ದೊಡ್ಡದು. ಕುರ್ಚಿಗಳನ್ನು ಅಕ್ಕನ ಯಜಮಾನರೇ ತಂದು ಹಾಕಿದ್ದರು. ಹೆಂಡತಿಯ ಶ್ರದ್ಧಾಂಜಲಿಗೂ ಆ ಮನುಷ್ಯನ ಕೈಯಲ್ಲೇ ಕುರ್ಚಿ ಹೊರಿಸಿದರು.

ಸಂಘದ ಅಧ್ಯಕ್ಷರು ಮಾತಾಡಿದರು. ಮಂಜ ಮೈಕು ಹಿಡಿದು, "ನಮ್ಮ ಅಕ್ಕ ಅಂದ್ರೆ ನೇರ ನುಡಿ. ಅನ್ಸಿದ್ದನ್ನ ಯಾರ ಮುಲಾಜೂ ಇಲ್ದೆ ಹೇಳೋರು. ಯುವಕರಿಗೆ ಅವರೇ ಆದರ್ಶ" ಎಂದ. ಜನ ಚಪ್ಪಾಳೆ ತಟ್ಟಿದರು. ನನ್ನನ್ನೂ ಮಾತಾಡಲು ಕರೆದರು. ಬಾಯಿ ತೆರೆದರೆ ಬಯ್ಗುಳ ಬರುತ್ತದೆ ಎಂದು ತಲೆ ಆಡಿಸಿ ಕೂತೆ.

ಸಭೆ ಮುಗಿದು ಜನ ಕಾಫಿ ಕುಡಿಯುತ್ತಿದ್ದಾಗ ಮಂಜ ನನ್ನ ಪಕ್ಕ ಬಂದು ನಿಂತ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ದನಿ ತಗ್ಗಿಸಿ ಹೇಳಿದ, "ಟೀಚರ್, ನಿಜ ಹೇಳ್ಬೇಕು ಅಂದ್ರೆ ಅವತ್ತು ಆ ಪಿಚ್ಚರ್ ನಂಗೂ ಅಷ್ಟು ಹಿಡಿಸಿರ್ಲಿಲ್ಲ. ಸೆಕೆಂಡ್ ಹಾಫ್ ಪೂರ್ತಿ ಬೋರು. ಅಕ್ಕ ಹೇಳಿದ್ದು ಕರೆಕ್ಟೇ."

"ಮತ್ತೆ ಅವತ್ತು ಯಾಕೋ ಹೇಳಲಿಲ್ಲ?" ಎಂದೆ.

"ಹೆಂಗ್ ಹೇಳೋದು ಟೀಚರ್? ಹುಡುಗ್ರು ನನ್ನ ಬಿಡ್ತಿದ್ರಾ?"

ಅವನು ಪಿಸುಗುಟ್ಟಿದ್ದನ್ನು ನಾನು ಪಿಸುಗುಟ್ಟಲಿಲ್ಲ. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ ನನ್ನದು, ಅದೇ ದನಿಯಲ್ಲಿ ಹೇಳಿದೆ, "ಕೇಳಿಸ್ಕೊಳ್ರಪ್ಪಾ ಎಲ್ಲರೂ. ಆ ಪಿಚ್ಚರ್ ಮಂಜನಿಗೂ ಹಿಡಿಸಿರ್ಲಿಲ್ಲವಂತೆ. ಬೋರಾಗಿತ್ತಂತೆ."

ಕಾಫಿ ಲೋಟಗಳು ಕೈಯಲ್ಲೇ ನಿಂತವು. ಅಧ್ಯಕ್ಷರು ನೆಲ ನೋಡಿದರು. ಮಂಜ "ಏನ್ ಟೀಚರ್ ನೀವು, ತಮಾಷೆ" ಎಂದು ನಗಲು ನೋಡಿದ. ಯಾರೂ ನಗಲಿಲ್ಲ. ಆಚೆ ಕಡೆ ಅಕ್ಕನ ಯಜಮಾನರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಂಜನ ಎದುರು ನಿಂತರು. ಅವರು ನಾಲ್ಕು ಜನರ ಮುಂದೆ ಬಾಯಿ ಬಿಟ್ಟದ್ದನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.

"ಹಂಗಾದ್ರೆ ನನ್ನ ಹೆಂಡ್ತಿ ಕೈಲಿ ಹಾಲು ಯಾಕ್ಲಾ ಸುರಿಸ್ದೆ?" ಎಂದರು.

ಮಂಜ ಅತ್ತ ಇತ್ತ ನೋಡಿದ. ಅವರು ಅಲ್ಲಾಡದೆ ಉತ್ತರಕ್ಕೆ ಕಾಯುತ್ತಾ ನಿಂತರು. ಅವರ ಜೊತೆ ನಾನೂ ನಿಂತೆ.